"ಚೊಲೊ ಹೇಳ್ಯಾಳ, ಆದ್ರ ಆಕಿ ಯಾರು?"

ನಾನು ಮಾಡಿದ ಮೊದಲ ಬಾನುಲಿ ಸಾಕ್ಷ್ಯಚಿತ್ರ ಧಾರವಾಡ ಸೀಮೆಯ ಒಬ್ಬ ಸೂಲಗಿತ್ತಿಯ ಬದುಕಿನದು. ಮೂರು ದಿನ ಅವರ ಮನೆಯ ಕಟ್ಟೆಯ ಮೇಲೆ ಕೂತು ರೆಕಾರ್ಡ್ ಮಾಡಿಕೊಂಡೆ. ವಾಪಸ್ ಬಂದು ಅಷ್ಟನ್ನೂ ಬರೆದಿಳಿಸಿ, ತಿದ್ದಿ, ಒಪ್ಪವಾದ ಕನ್ನಡಕ್ಕೆ ತಂದು, ಒಳ್ಳೆಯ ಕಂಠದ ನಾಟಕ ಕಲಾವಿದೆಯೊಬ್ಬರಿಂದ ಓದಿಸಿದೆ. ಆ ಅಜ್ಜಿಯ ಸ್ವಂತ ದನಿ ಉಳಿದದ್ದು ಶುರುವಿನ ಅರ್ಧ ನಿಮಿಷ ಮಾತ್ರ. ಪ್ರಸಾರವಾದ ಮೇಲೆ ಹೋಗಿ ಅವರಿಗೇ ಕೇಳಿಸಿದೆ. ಕಣ್ಣು ಮುಚ್ಚಿ ಪೂರ್ತಿ ಕೇಳಿದರು. "ಚೊಲೊ ಹೇಳ್ಯಾಳ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಆದ್ರ ಆಕಿ ಯಾರು?"

ಅಲ್ಲಿಂದೀಚೆಗೆ ಎಡಿಟಿಂಗ್ ಮುಗಿಸಿದ ಪ್ರತಿ ಕಾರ್ಯಕ್ರಮವನ್ನೂ ಆ ಅಜ್ಜಿಯ ಕಿವಿಯಿಂದ ಒಂದು ಸಲ ಕೇಳುತ್ತೇನೆ. ಬದುಕಿದವರ ಮಾತು ಅವರ ಬಾಯಲ್ಲೇ ಇರಬೇಕು. ರೇಡಿಯೋದಲ್ಲಿ ಒಂದು ಜೀವದ ಕಥೆ ಹೇಳುವಾಗ ನಾನು ಬಿಟ್ಟುಕೊಡದ ನಿಯಮ ಇದೊಂದೇ.

ರೇಡಿಯೋಗೂ ಇದು ಹುಟ್ಟಿದ ದಿನದಿಂದ ಗೊತ್ತಿದ್ದ ವಿಚಾರವಲ್ಲ. 1930ರ ದಶಕದಲ್ಲಿ ಬಿಬಿಸಿಯ ಮ್ಯಾಂಚೆಸ್ಟರ್ ಕೇಂದ್ರದಲ್ಲಿದ್ದ ಆಲಿವ್ ಶಾಪ್ಲಿ ಎಂಬಾಕೆ ಏಳು ಟನ್‌ಗೂ ಹೆಚ್ಚು ಭಾರದ ರೆಕಾರ್ಡಿಂಗ್ ವ್ಯಾನ್ ತೆಗೆದುಕೊಂಡು ಅಂಗಡಿ ಕೆಲಸದವರ, ಲಾರಿ ಚಾಲಕರ, ಗಣಿ ಕಾರ್ಮಿಕರ ಹೆಂಡಂದಿರ ಹತ್ತಿರ ಹೋಗುತ್ತಿದ್ದರು. ವ್ಯಾನಿನೊಳಗೆ ತಿರುಗುವ ತಟ್ಟೆಯ ಮೇಲೆ ದನಿ ಕೊರೆಯಬೇಕು. ಒಂದು ತಟ್ಟೆಗೆ ನಾಲ್ಕು ನಿಮಿಷದಷ್ಟೇ ಮಾತು. ಹೇಳುವವರಿಗೆ ಮಾತು ಕುದುರುವ ಹೊತ್ತಿಗೆ ತಟ್ಟೆ ಮುಗಿದಿರುತ್ತಿತ್ತು. ಹಾಗಾಗಿ ಬಹುಪಾಲು ನಿರ್ಮಾಪಕರು ಜನರ ಮಾತನ್ನು ಬರೆದುಕೊಂಡು ಬಂದು, ಸ್ಟುಡಿಯೋದಲ್ಲಿ ನಟರಿಂದ ಹೇಳಿಸುತ್ತಿದ್ದರು. ನಾನು ಸೂಲಗಿತ್ತಿಗೆ ಮಾಡಿದ್ದೂ ಅದನ್ನೇ. ಅವರಿಗೆ ಯಂತ್ರದ ಅಡ್ಡಿಯಿತ್ತು. ನನಗೆ ಆ ನೆಪವೂ ಇರಲಿಲ್ಲ.

1957ರ ಫೆಬ್ರವರಿ 9ರಂದು ಇಂಗ್ಲೆಂಡಿನ ಡರ್ಬಿಶೈರ್ ಗುಡ್ಡಗಳಲ್ಲಿ ಜಾನ್ ಆಕ್ಸನ್ ಎಂಬ ಗೂಡ್ಸ್ ರೈಲಿನ ಚಾಲಕ ಸತ್ತ. ಬ್ರೇಕಿಗೆ ಹಬೆ ಒಯ್ಯುವ ಕೊಳವೆ ಒಡೆದು, ಕುದಿಯುವ ಹಬೆ ಎಂಜಿನ್ ಕೋಣೆ ತುಂಬಿತು. ಮುಂದೆ ಇಳಿಜಾರು. ಜೊತೆಗಿದ್ದ, ಎಂಜಿನ್ ಒಲೆಗೆ ಕಲ್ಲಿದ್ದಲು ಹಾಕುವ ಫೈರ್‌ಮನ್‌ಗೆ ಹಾರಿಕೊಳ್ಳಲು ಹೇಳಿದ ಆಕ್ಸನ್ ತಾನು ಹಾರಲಿಲ್ಲ. ಮುಂದಿನ ಸಿಗ್ನಲ್‌ನವರಿಗೆ ಎಚ್ಚರಿಕೆ ಕೊಡುತ್ತ, ಗಾಡಿ ನಿಲ್ಲಿಸಲು ಹೆಣಗುತ್ತ, ಮುಂದಿದ್ದ ಇನ್ನೊಂದು ಗೂಡ್ಸ್ ಗಾಡಿಗೆ ಬಡಿದು ತೀರಿಕೊಂಡ. ಮರಣೋತ್ತರವಾಗಿ ಜಾರ್ಜ್ ಕ್ರಾಸ್ ಎಂಬ ಶೌರ್ಯ ಪದಕ ಕೊಟ್ಟರು.

ಇದರ ಮೇಲೆ ಕಾರ್ಯಕ್ರಮ ಮಾಡಲು ಬಿಬಿಸಿ ನಿರ್ಮಾಪಕ ಚಾರ್ಲ್ಸ್ ಪಾರ್ಕರ್ ಮತ್ತು ಹಾಡುಗಾರ ಇವಾನ್ ಮೆಕಾಲ್ ಹೊರಟಾಗ ಯೋಜನೆ ಹಳೆಯದೇ: ಮಾಹಿತಿ ತರುವುದು, ಸ್ಕ್ರಿಪ್ಟ್ ಬರೆಯುವುದು, ನಟರಿಂದ ಆಡಿಸುವುದು. ಆದರೆ ಅವರ ಹೆಗಲಲ್ಲಿ ಬ್ಯಾಟರಿಯಿಂದ ನಡೆಯುವ ಪುಟ್ಟ ಟೇಪ್ ರೆಕಾರ್ಡರ್ ಇತ್ತು. ಆಕ್ಸನ್‌ನ ಹೆಂಡತಿ, ಜೊತೆಗಾರರು, ಶೆಡ್ಡಿನ ಚಾಲಕರು, ಫೈರ್‌ಮನ್‌ಗಳು ಹೇಳಿದ್ದು ಸುಮಾರು 40 ಗಂಟೆಯಷ್ಟಾಯಿತು. ಅದನ್ನು ಕೂತು ಕೇಳಿದಾಗ, ತಾವು ಬರೆಯುವ ಯಾವ ಸಂಭಾಷಣೆಯೂ ಇದರ ಹತ್ತಿರ ಸುಳಿಯದು ಎಂದು ಅವರಿಗೆ ಹೊಳೆಯಿತು. ನಟರನ್ನು ಕೈಬಿಟ್ಟರು. ಆ ದನಿಗಳು, ಎಂಜಿನ್ ಸದ್ದು, ಹೊಸದಾಗಿ ಕಟ್ಟಿದ ಹಾಡುಗಳು ಸೇರಿ 1958ರ ಜುಲೈನಲ್ಲಿ ಪ್ರಸಾರವಾದ ಕಾರ್ಯಕ್ರಮದಲ್ಲಿ ನಿರೂಪಕನೇ ಇರಲಿಲ್ಲ. ಸಂಗೀತ ಹೊಂದಿಸಿದವರು ಪೆಗಿ ಸೀಗರ್. 1964ರೊಳಗೆ ಇಂಥ ಎಂಟು ಕಾರ್ಯಕ್ರಮಗಳಾದವು. ಜಾನ್ ಆಕ್ಸನ್ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಆ ಕೊನೆಯ ನಿಮಿಷಗಳಿಗಿಂತ ಹೆಚ್ಚಾಗಿ ಅವನ ಜೊತೆಗಾರರ ಮಾತು. ಉಗಿಬಂಡಿ ನಡೆಸುವುದೆಂದರೆ ಏನು ಎಂದು ಅವರು ಹೇಳುತ್ತ ಹೋದಂತೆ, ಆಕ್ಸನ್ ಯಾಕೆ ಹಾರಲಿಲ್ಲ ಎನ್ನುವುದು ತಾನಾಗಿ ತಿಳಿಯುತ್ತದೆ. ದೊಡ್ಡ ದಿನ ಅರ್ಥವಾಗಬೇಕಾದರೆ ಸಾದಾ ದಿನಗಳು ಕೇಳಿಸಬೇಕು.

ಕನ್ನಡದಲ್ಲಿ ನನ್ನ ಆ ನಿಯಮಕ್ಕೆ ಇನ್ನೂ ತೂಕ ಹೆಚ್ಚು. "ಹೋಗ್ಯಾನ", "ಹೋಗ್ಬುಟ್ಟವ್ನೆ", "ಹೋಯ್ದ": ಈ ಒಂದೊಂದು ಪದದಲ್ಲೇ ಹೇಳುವವರ ಊರು ಸಿಕ್ಕಿಬಿಡುತ್ತದೆ, ಎಷ್ಟೋ ಸಲ ವಯಸ್ಸೂ. "ಅವರು ತೆರಳಿದರು" ಎಂದು ಓದಿದ ಕ್ಷಣ ಎಲ್ಲ ಅಳಿಸಿಹೋಗುತ್ತದೆ. ತೊಡಕೆಂದರೆ ಮೈಕ್ ಕಂಡ ಕೂಡಲೇ ನಮ್ಮ ಜನ ತಾವೇ "ತೆರಳಿದರು" ಅನ್ನಲು ಶುರು ಮಾಡುತ್ತಾರೆ.

ಶರಾವತಿ ಹಿನ್ನೀರಿನ ಸಿಗಂದೂರು ಲಾಂಚಿನಲ್ಲಿ ಬಹಳ ವರ್ಷ ದುಡಿದ ಒಬ್ಬರನ್ನು, ಅಲ್ಲಿ ಸೇತುವೆಯ ಕಂಬಗಳು ಏಳುತ್ತಿದ್ದ ಕಾಲದಲ್ಲಿ ರೆಕಾರ್ಡ್ ಮಾಡಿದೆ. ಮೊದಲ ಒಂದು ಗಂಟೆ "ಪ್ರಯಾಣಿಕರಿಗೆ ಸೇವೆ ಸಲ್ಲಿಸುತ್ತಿದ್ದೇನೆ" ಎಂಬ ಸಭೆಯ ಮಾತು. ನಾನು ತಡೆಯಲಿಲ್ಲ, ಅದು ಬರಿದಾಗಲಿ ಎಂದು ಕಾಯುತ್ತೇನೆ. ಮೈಕನ್ನು ಬಾಯಿಂದ ಒಂದು ಗೇಣು ದೂರ, ಗಲ್ಲದ ಕೆಳಗೆ, ಸ್ವಲ್ಪ ಓರೆಯಾಗಿ ಹಿಡಿಯುತ್ತೇನೆ. ನೇರಕ್ಕೆ ಹಿಡಿದರೆ "ಪ", "ಭ" ಬಂದಾಗಲೆಲ್ಲ ಉಸಿರು ಬಡಿಯುತ್ತದೆ. "ಹೂಂ ಹೂಂ" ಅನ್ನದೆ ತಲೆಯಾಡಿಸುತ್ತೇನೆ. "ನಿಮಗೆ ಏನನ್ನಿಸಿತು?" ಎಂದು ಕೇಳುವುದನ್ನು ಬಿಟ್ಟು ಬಹಳ ಕಾಲವಾಯಿತು. ಕೈ ಏನು ಮಾಡುತ್ತಿತ್ತು, ಬುತ್ತಿಯಲ್ಲಿ ಏನಿತ್ತು, ಆ ಹೊತ್ತಿಗೆ ಏನು ಕೇಳಿಸುತ್ತಿತ್ತು ಎಂದು ಕೇಳುತ್ತೇನೆ. ಅವರನ್ನು ಕೇಳಿದ್ದು ಇಷ್ಟೇ: "ಮಂಜು ಮುಸುಕಿದಾಗ ದಡ ಹೆಂಗೆ ಗೊತ್ತಾಗ್ತದೆ?"

"ನೋಡೂಕೆ ಎಂತ ಕಾಣ್ತದೆ ಮಾರಾಯ್ರೆ? ಎಂಜಿನ್ ಸದ್ದು ದಡಕ್ಕೆ ಬಡ್ದು ವಾಪಸ್ ಬರ್ತದಲ್ಲ, ಅದ್ರ ಮೇಲೆ."

ಮಾರನೆಯ ಬೆಳಿಗ್ಗೆ ಮೊದಲ ಟ್ರಿಪ್ಪಿಗೆ ಅವರ ಪಕ್ಕ ಒಂದೂ ಮಾತಾಡದೆ ನಿಂತು ಎಂಜಿನ್ ಸದ್ದನ್ನಷ್ಟೇ ರೆಕಾರ್ಡ್ ಮಾಡಿದೆ. ಹೊಸಬರು ಮರೆಯುವುದು ಇದನ್ನೇ. ಜಾಗಕ್ಕೂ ಮೌನ ಇರುತ್ತದೆ; ಹೋದಲ್ಲೆಲ್ಲ ಕನಿಷ್ಠ ಒಂದು ನಿಮಿಷ ಅದನ್ನು ತನ್ನಿ, ಎರಡು ಮಾತಿನ ನಡುವೆ ಕತ್ತರಿ ಹಾಕಿದ ಗುರುತು ಮುಚ್ಚುವುದು ಅದರಿಂದಲೇ. ಮಾತಾಡುವವರು ತಡೆದು ನಿಂತರೆ ಆ ತಡೆಯನ್ನೂ ಉಳಿಸಿ. ವಿಧವೆಯೊಬ್ಬರು ಉಸಿರು ತೆಗೆದುಕೊಳ್ಳುವ ಜಾಗಕ್ಕೆ ಪಿಟೀಲು ತುಂಬಬೇಕು ಅನ್ನುವವರ ಜೊತೆ ನಾನು ಈಗಲೂ ಜಗಳವಾಡುತ್ತೇನೆ.

ನಿರ್ಮಾಪಕ ಎದುರಿಗೆ ಇದ್ದರೆ ಬಾರದ ಮಾತುಗಳೂ ಇವೆ. ಅಮೆರಿಕದ ಜೋ ರಿಚ್‌ಮನ್ 1996ರಿಂದ ಜನರ ಕೈಗೇ ರೆಕಾರ್ಡರ್ ಕೊಟ್ಟು, ಅವರ ದಿನಚರಿಯನ್ನು ಅವರೇ ಹಿಡಿಯಲು ಬಿಟ್ಟರು. ದಕ್ಷಿಣ ಆಫ್ರಿಕಾದ ತೆಂಬಿ ಎಂಗುಬಾನೆ ಎಂಬ 19 ವರ್ಷದ ಹುಡುಗಿ ಹಾಗೆ ಒಂದು ವರ್ಷ ರೆಕಾರ್ಡ್ ಮಾಡಿದಳು. ಕನ್ನಡಿ ಮುಂದೆ ನಿಂತು ತನ್ನ ಮೈಯೊಳಗಿನ ಎಚ್‌ಐವಿಯ ಜೊತೆ ಮಾತಾಡುತ್ತಾಳೆ. ಎದುರಿಗೆ ಮೈಕ್ ಹಿಡಿದು ಕೂತವರು ಎಂಥ ಪ್ರಶ್ನೆ ಕೇಳಿದರೂ ಆ ಮಾತು ಹೊರಡುತ್ತಿರಲಿಲ್ಲ. 2006ರಲ್ಲಿ ಅದು ಪ್ರಸಾರವಾಯಿತು. 2009ರಲ್ಲಿ ಆಕೆ ತೀರಿಕೊಂಡಳು. ದನಿ ಉಳಿದಿದೆ.

ದನಿ ಉಳಿಯುತ್ತದೆ ಎಂಬ ಕಾರಣಕ್ಕೇ ಅನುಮತಿಯನ್ನು ನಾನು ಎರಡು ಸಲ ಕೇಳುತ್ತೇನೆ, ರೆಕಾರ್ಡಿಂಗಿಗೆ ಮುಂಚೆ ಒಮ್ಮೆ, ಜೋಡಿಸಿದ ಮೇಲೆ ಇನ್ನೊಮ್ಮೆ. ಟಿವಿಯಲ್ಲಿ ಮುಖ ಮಸುಕು ಮಾಡಬಹುದು. ಹೆಸರು ಬದಲಿಸಿದರೂ ದನಿಯನ್ನು ಊರಿನವರು ಗುರುತು ಹಿಡಿಯುತ್ತಾರೆ. ಹೇಳಿದವರಿಗೆ ಅಪಾಯವಿದ್ದರೆ ಬೇರೆಯವರ ಕಂಠ ಬಳಸಲೇಬೇಕು. ನನ್ನ ನಿಯಮ ನಾನು ಮುರಿಯುವುದು ಅಲ್ಲಿ ಮಾತ್ರ, ಮತ್ತು ಹಾಗೆ ಮಾಡಿದ್ದೇವೆಂದು ಕೇಳುಗರಿಗೆ ಮೊದಲೇ ಹೇಳಿ.

2025ರ ಜುಲೈನಲ್ಲಿ ಸೇತುವೆ ತೆರೆಯಿತು. ಆಮೇಲೆ ಒಂದು ದಿನ ಆ ಲಾಂಚಿನವರ ಮನೆಗೆ ಹೋಗಿ ಕಾರ್ಯಕ್ರಮ ಕೇಳಿಸಿದೆ. ತಮ್ಮ ಮಾತು ಬಂದಾಗೆಲ್ಲ ನಾಚಿಕೊಂಡು ಅಂಗಳ ನೋಡುತ್ತಿದ್ದರು. ಕೊನೆಗೆ ಎಂಜಿನ್ ಒಂದೇ ಉಳಿಯುತ್ತದೆ, ಎರಡು ನಿಮಿಷ. ಅದು ಶುರುವಾದಾಗ ತಲೆ ಬಗ್ಗಿಸಿ ಕಿವಿಗೊಟ್ಟರು. ನನಗೆ ಸದ್ದಿನಲ್ಲಿ ಏನೂ ಬದಲಾದಂತೆ ಕೇಳಲಿಲ್ಲ. ಅವರು ಮಾತ್ರ ಕೈ ಎತ್ತಿ, "ಹಾಂ, ದಡ ಬಂತು" ಅಂದರು. ನಾಲ್ಕೈದು ಸೆಕೆಂಡ್ ಕಳೆದು ಫೋನಿನೊಳಗೆ ಲಾಂಚಿನ ಕಬ್ಬಿಣ ದಡಕ್ಕೆ ಉಜ್ಜಿತು.