ರಂಧ್ರಕ್ಕೆ ಬಾಗಿಲಿಲ್ಲ

ಎದುರು ಕೂತವರು ಫೋನ್ ತೆಗೆದು ತಮ್ಮ ಮೂಗಿನ ಫೋಟೊವನ್ನೇ ಝೂಮ್ ಮಾಡಿ ತೋರಿಸುತ್ತಾರೆ. "ಡಾಕ್ಟ್ರೇ, ಈ ತೂತು ನೋಡಿ. ಇದು ಮುಚ್ಚಬೇಕು." ಮೂಗು ನನ್ನ ಕಣ್ಣೆದುರೇ ಇದೆ. ಅಲ್ಲಿ ನನಗೇನೂ ಕಾಣಿಸುವುದಿಲ್ಲ.

ಆ ತೂತು, ಅಂದರೆ ಚರ್ಮದ ಸಣ್ಣ ರಂಧ್ರ, ಇರಲೇಬೇಕು. ಕೂದಲು ಹೊರಬರುವುದೂ ಅಲ್ಲಿಂದಲೇ, ಚರ್ಮದ ಎಣ್ಣೆ ಹೊರಬರುವುದೂ ಅಲ್ಲಿಂದಲೇ. ಹಬೆ ಹಿಡಿದರೆ ತೆರೆಯುತ್ತದೆ, ಐಸ್ ಉಜ್ಜಿದರೆ ಮುಚ್ಚುತ್ತದೆ ಅನ್ನುವುದು ಸುಮ್ನೆ ಮಾತು. ಅದರ ಬಾಯಿ ಬಿಗಿಯುವಂಥ ಸ್ನಾಯುವೇ ಅಲ್ಲಿಲ್ಲ. ಗಾತ್ರ ಹೆಚ್ಚಾಗಿ ಅಪ್ಪ ಅಮ್ಮನಿಂದ ಬಂದದ್ದು. ಜಿಡ್ಡು ಜಾಸ್ತಿ ಇದ್ದರೆ, ವಯಸ್ಸಾಗಿ ಚರ್ಮ ಸಡಿಲವಾದರೆ, ವರ್ಷಗಟ್ಟಲೆ ಬಿಸಿಲು ಬಿದ್ದರೆ ಇನ್ನಷ್ಟು ಎದ್ದು ಕಾಣುತ್ತದೆ. ಸ್ಯಾಲಿಸಿಲಿಕ್ ಆ್ಯಸಿಡ್ ಇರುವ ಫೇಸ್‌ವಾಶ್, ರಾತ್ರಿ ರೆಟಿನಾಯ್ಡ್ (ವಿಟಮಿನ್ ಎ ಬಗೆಯ ಔಷಧ), ಬೆಳಿಗ್ಗೆ ಸನ್‌ಸ್ಕ್ರೀನ್. ಇಷ್ಟರಿಂದ ಕಾಣುವುದು ಕಡಿಮೆಯಾಗುತ್ತದೆ, ಮಾಯವಾಗುವುದಿಲ್ಲ. ಬ್ಲ್ಯಾಕ್‌ಹೆಡ್‌ನ ಕಪ್ಪು ಕೂಡ ಕೊಳೆಯಲ್ಲ, ಉಜ್ಜಿದರೆ ಹೋಗುವುದಿಲ್ಲ.

ಇನ್ನು ಮೊಡವೆ. ಇವತ್ತು ಕನ್ನಡಿಯಲ್ಲಿ ಕಂಡದ್ದು ಇವತ್ತು ಹುಟ್ಟಿದ್ದಲ್ಲ. ವಾರಗಳ ಹಿಂದೆಯೇ ಸತ್ತ ಜೀವಕೋಶಗಳು ರಂಧ್ರದೊಳಗೆ ಅಂಟಿಕೊಂಡು ಬಿರಡೆಯಾಗಿರುತ್ತವೆ. ಬಿರಡೆಯ ಹಿಂದೆ ಎಣ್ಣೆ ಕಟ್ಟಿಕೊಂಡು, ಅದರಲ್ಲಿ ಬ್ಯಾಕ್ಟೀರಿಯಾ ಬೆಳೆದು, ಆಮೇಲೆ ಕೆಂಪು, ಕೀವು. ಹಾಗಾಗಿ ಎದ್ದ ಮೊಡವೆಯ ಮೇಲಷ್ಟೇ ಟೂತ್‌ಪೇಸ್ಟ್, ನಿಂಬೆರಸ ಹಚ್ಚಿದರೆ ಚರ್ಮ ಸುಡುತ್ತದೆ ಅಷ್ಟೇ. ಪಕ್ಕದಲ್ಲಿ ಮುಂದಿನದು ತಯಾರಾಗುತ್ತಲೇ ಇರುತ್ತದೆ.

ನಾನು ಹೆಚ್ಚಾಗಿ ಬರೆಯುವುದು 0.1% ಅಡಾಪಲೀನ್ ಜೆಲ್, ಇದೂ ಒಂದು ರೆಟಿನಾಯ್ಡ್. ಬಟಾಣಿ ಕಾಳಿನಷ್ಟು, ಒಣಗಿದ ಮುಖಕ್ಕೆ, ಮೊಡವೆ ಏಳುವ ಜಾಗಕ್ಕೆಲ್ಲ ತೆಳ್ಳಗೆ. ಮೊದಲು ದಿನ ಬಿಟ್ಟು ದಿನ ರಾತ್ರಿ. ಆರಂಭದಲ್ಲಿ ಸಿಪ್ಪೆ ಏಳುತ್ತದೆ, ಉರಿಯುತ್ತದೆ, ಕೆಲವರಿಗೆ ಮೊಡವೆ ಜಾಸ್ತಿಯೂ ಆಗುತ್ತದೆ. ಅರ್ಧ ಜನ ಬಿಡುವುದು ಅಲ್ಲೇ! 12 ವಾರ ಕೊಡದೆ ಅದರ ಗುಣ ಗೊತ್ತಾಗುವುದಿಲ್ಲ. ಬಸುರಿಯರಿಗೆ ಇದು ಬೇಡ. ಜೊತೆಗೆ ಬ್ಯಾಕ್ಟೀರಿಯಾ ಕೊಲ್ಲುವ ಬೆನ್ಝಾಯ್ಲ್ ಪೆರಾಕ್ಸೈಡ್ ಕೊಟ್ಟಾಗ ಹಳೇ ಟವೆಲ್ ಬಳಸಿ ಎಂದು ಹೇಳುತ್ತೇನೆ. ಅದು ಬಟ್ಟೆಯ ಬಣ್ಣ ತೆಗೆಯುತ್ತದೆ. ಹೊಸ ದಿಂಬಿನ ಕವರ್ ಹಾಳುಮಾಡಿ ಅಮ್ಮನ ಕೈಲಿ ಬೈಸಿಕೊಂಡವರು ಬೇಕಾದಷ್ಟು ಜನ ಇದ್ದಾರೆ.

ನನಗೆ ನಿಜವಾಗಿ ತಲೆನೋವಾಗಿರುವುದು ಬೇರೆ. ಅಕ್ಕನ ಮದುವೆಗೆ ಮುಖ ಬೆಳ್ಳಗಾಗಲಿ ಎಂದು ಮೆಡಿಕಲ್ ಶಾಪ್‌ನಲ್ಲಿ ಕೇಳಿ ತಂದ ಕ್ರೀಮ್. ವಾರದಲ್ಲಿ ಮೊಡವೆ ತಣ್ಣಗಾಗಿ ಮುಖ ಫಳಫಳ. ಕೆಲವು ತಿಂಗಳ ನಂತರ ಚರ್ಮ ತೆಳುವಾಗಿ ಕೆಂಪು ನರ ಕಾಣುತ್ತದೆ, ಕೆನ್ನೆಯಲ್ಲಿ ಕೂದಲು, ಒಂದೇ ಅಳತೆಯ ಮೊಡವೆಗಳ ಸಾಲು. ಬಿಟ್ಟರೆ ಉರಿ, ಹಚ್ಚಿದರೆ ಸಮಾಧಾನ. ಟ್ಯೂಬ್ ತಿರುಗಿಸಿ ಓದಿ. ಬೆಟಾಮೆಥಸೋನ್, ಕ್ಲೋಬೆಟಸಾಲ್, ಮೊಮೆಟಸೋನ್ ಎಂದಿದ್ದರೆ ಅದು ಸ್ಟಿರಾಯ್ಡ್. ಇಂಥ 14 ಸ್ಟಿರಾಯ್ಡ್‌ಗಳನ್ನು 2018ರಲ್ಲೇ ಸರ್ಕಾರ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿದೆ. ಆದರೂ ಚೀಟಿ ಕೇಳುವವರು ಎಷ್ಟು ಜನ? ತಿಂಗಳುಗಟ್ಟಲೆ ಹಚ್ಚಿದ್ದರೆ ಬಿಡಿಸುವುದಕ್ಕೂ ಡಾಕ್ಟರ ಸಹಾಯ ಬೇಕಾಗುತ್ತದೆ.

ಹಣೆಯಲ್ಲಿ ಮಾತ್ರ ಸಣ್ಣ ಗುಳ್ಳೆಗಳಿದ್ದರೆ ಮೊದಲು ತಲೆಗೆ ಹಚ್ಚುವ ಎಣ್ಣೆ ಕಡಿಮೆ ಮಾಡಿ ನೋಡಿ. ಜಿಮ್ ಹುಡುಗರನ್ನು ವೇ ಪ್ರೋಟೀನ್ ಪುಡಿ ಬಗ್ಗೆ ಕೇಳುತ್ತೇನೆ, ಕೆಲವರಿಗೆ ಅದರಿಂದಲೂ ಮೊಡವೆ ಜಾಸ್ತಿಯಾಗಬಹುದು. ಗಲ್ಲದಲ್ಲಿ ಮೊಡವೆ, ಜೊತೆಗೆ ಮುಟ್ಟು ಏರುಪೇರಾಗಿದ್ದರೆ ಹಾರ್ಮೋನ್ ಪರೀಕ್ಷೆಯ ಮಾತು ಬರುತ್ತದೆ.

ಗಂಟುಗಂಟಾಗಿ ಎದ್ದು ಗುಂಡಿ ಬೀಳುತ್ತಿದ್ದರೆ ಐಸೊಟ್ರೆಟಿನಾಯಿನ್ ಮಾತ್ರೆ. ಒಳ್ಳೆಯ ಔಷಧ, ಆದರೆ ಹುಟ್ಟುವ ಮಗುವಿಗೆ ಅಂಗವೈಕಲ್ಯ ತರಬಲ್ಲದು. ಮಾತ್ರೆ ನುಂಗುವಾಗ, ನಿಲ್ಲಿಸಿ ಒಂದು ತಿಂಗಳವರೆಗೂ ಬಸುರಾಗಬಾರದು. ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಅಕ್ಕ ಉಳಿಸಿದ ಸ್ಟ್ರಿಪ್ಪನ್ನು, ಆಗಷ್ಟೇ ಮದುವೆಯಾದ ತಂಗಿ ಕೇಳದೆಯೇ ನುಂಗಿ ಬಂದದ್ದನ್ನು ನೋಡಿದ್ದೇನೆ.