ಮಕ್ಕಳ ಅನುಕರಣೆ ಕುರುಡು ಅನುಕರಣೆಯೇ?

ಪ್ರಶ್ನೆ: ನಾವು ಡೊಂಬಿವಲಿಯಲ್ಲಿದ್ದೇವೆ. ಮೂರು ವರ್ಷದ ಮಗ ಹಿರಿಯರು ಮಾಡುವುದನ್ನೆಲ್ಲ ಮಂಗನ ಹಾಗೆ ಅನುಕರಿಸುತ್ತಾನೆ. ಅರ್ಥ ತಿಳಿಯದೆ ಮಾಡುವ ಆಚಾರದಿಂದ ಏನು ಪ್ರಯೋಜನ?

ಉತ್ತರ: ಮುಂಬಯಿಯ ಕನ್ನಡ ಮನೆಗಳಿಂದ ಈ ಪ್ರಶ್ನೆ ಎಷ್ಟೋ ಬಾರಿ ಬಂದಿದೆ, ಪ್ರತಿ ಸಲವೂ ಮಂಗನ ಮಾತು ಅದರಲ್ಲಿ ಇದ್ದೇ ಇರುತ್ತದೆ. ಅದು ತಪ್ಪು ಎಂಬುದನ್ನು ಈ ಸಲವಾದರೂ ಬಿಡಿಸಿ ಹೇಳುತ್ತೇನೆ.

2005ರಲ್ಲಿ ಸಂಶೋಧಕರಾದ ವಿಕ್ಟೋರಿಯಾ ಹಾರ್ನರ್ ಮತ್ತು ಆಂಡ್ರ್ಯೂ ವೈಟನ್ ಪ್ರಕಟಿಸಿದ ಪ್ರಯೋಗದಲ್ಲಿ ಚಿಂಪಾಂಜಿಗಳಿಗೂ ಮೂರು-ನಾಲ್ಕು ವರ್ಷದ ಮಕ್ಕಳಿಗೂ ಒಂದು ಪೆಟ್ಟಿಗೆಯಿಂದ ಬಹುಮಾನ ತೆಗೆಯುವುದನ್ನು ತೋರಿಸಲಾಯಿತು. ತೋರಿಸಿದ ಕೆಲಸಗಳಲ್ಲಿ ಕೆಲವು ಅನಗತ್ಯವಾಗಿದ್ದವು. ಒಳಗಿನದು ಕಾಣದ ಪೆಟ್ಟಿಗೆಯಾದಾಗ ಚಿಂಪಾಂಜಿಗಳು ಎಲ್ಲವನ್ನೂ ಮಾಡಿದವು. ಪಾರದರ್ಶಕ ಪೆಟ್ಟಿಗೆ ಕೊಟ್ಟಾಗ ಅನಗತ್ಯವಾದುದನ್ನು ಬಿಟ್ಟು ನೇರವಾಗಿ ಬಹುಮಾನಕ್ಕೆ ಕೈಹಾಕಿದವು. ಮಕ್ಕಳು ಮಾತ್ರ ಎರಡರಲ್ಲೂ ತೋರಿಸಿದ್ದನ್ನೆಲ್ಲ ಮಾಡಿದರು. ಉಪಯೋಗವಿಲ್ಲವೆಂದು ಕಂಡದ್ದನ್ನೂ ಬಿಡದೆ ಅನುಕರಿಸುವುದು ಮನುಷ್ಯರ ಮಕ್ಕಳ ಗುಣವೇ ಹೊರತು ಮಂಗನ ಗುಣವಲ್ಲ.

ಹಾಗಾದರೆ ಇದು ದಡ್ಡತನವೇ ಎಂದು ಕೇಳುವವರಿದ್ದಾರೆ. ಖಂಡಿತ ಅಲ್ಲ. ಮನೋವಿಜ್ಞಾನಿ ಗೆರ್ಗೆಲಿ ಮತ್ತು ಸಂಗಡಿಗರ 2002ರ ಪ್ರಯೋಗದಲ್ಲಿ ಹೆಂಗಸೊಬ್ಬಳು ಹಣೆಯಿಂದ ಒತ್ತಿ ದೀಪ ಬೆಳಗಿಸಿದಳು. ಆಕೆಯ ಕೈಗಳು ಕಂಬಳಿಯೊಳಗೆ ಸಿಕ್ಕಿಕೊಂಡಿದ್ದಾಗ 14 ತಿಂಗಳ ಕೂಸುಗಳಲ್ಲಿ ಹೆಚ್ಚಿನವು ತಮ್ಮ ಕೈಯನ್ನೇ ಬಳಸಿದವು. ಕೈಗಳು ಬಿಡುವಾಗಿದ್ದೂ ಹಣೆ ಬಳಸಿದಾಗ ಹೆಚ್ಚಿನವು ತಾವೂ ಹಣೆಯನ್ನೇ ಒತ್ತಿದವು. ಬೇಕೆಂದೇ ಮಾಡಿದ್ದು ಯಾವುದು, ಅನಿವಾರ್ಯವಾಗಿ ಮಾಡಿದ್ದು ಯಾವುದು ಎಂದು ಮಾತು ಬಾರದ ಕೂಸು ತೂಗಿ ನೋಡುತ್ತದೆ!

ಊಟಕ್ಕೆ ಕೂತ ಅಜ್ಜ ಎಲೆಯ ಸುತ್ತ ನೀರು ತಿರುಗಿಸುವುದನ್ನು ನೋಡಿದ ಮಗು ತನ್ನ ಬಿಸ್ಕತ್ತಿನ ತಟ್ಟೆಯ ಸುತ್ತಲೂ ಖಾಲಿ ಲೋಟ ತಿರುಗಿಸುವುದಕ್ಕೂ ಇದೇ ಕಾರಣ. ಹಸಿವಿಗೂ ಆ ನೀರಿಗೂ ಸಂಬಂಧ ಕಾಣದಿರುವುದರಿಂದಲೇ, ಇದು ‘ನಮ್ಮವರು ಮಾಡುವ ರೀತಿ’ ಎಂದು ಅದು ಗ್ರಹಿಸುತ್ತದೆ. ಅರ್ಥವನ್ನು ನಿಮ್ಮ ಮಗನೇ ಕೇಳುವ ದಿನ ಬರುತ್ತದೆ, ಆಗ ಹೇಳಿ.

ನೀವು ಕೇಳದ ಇನ್ನೊಂದು ಮಾತಿದೆ. ಅಕ್ಕಪಕ್ಕದ ಮರಾಠಿ ಮನೆಗಳ ಪದ್ಧತಿ ನೋಡಿ ಮಗು ಗೊಂದಲಗೊಳ್ಳುವುದಿಲ್ಲವೇ? ಮೂರು ವರ್ಷದ ಮಕ್ಕಳು, ಆಟದ ನಿಯಮವನ್ನು ತಮ್ಮ ಗುಂಪಿನವರು ಮುರಿದರೆ ಹೊರಗಿನವರು ಮುರಿದಾಗಿನದಕ್ಕಿಂತ ಹೆಚ್ಚಾಗಿ ಆಕ್ಷೇಪಿಸುತ್ತಾರೆಂದು ಷ್ಮಿಟ್, ರಾಕೋಟ್ಸಿ ಮತ್ತು ತೋಮಸೆಲ್ಲೋ ಎಂಬ ಸಂಶೋಧಕರು 2012ರಲ್ಲಿ ತೋರಿಸಿದರು. ಸಂಕ್ರಾಂತಿಯಂದು ಪಕ್ಕದ ಮನೆಯ ಕಾಕು (ಮರಾಠಿಯಲ್ಲಿ ಚಿಕ್ಕಮ್ಮ) ತಿಳಗುಳದ, ಅಂದರೆ ಎಳ್ಳು-ಬೆಲ್ಲದ, ಉಂಡೆ ಕೊಟ್ಟರೆ ಮಗ ಸುಮ್ಮನೆ ತಿಂದು ಬಂದು, ನೀವು ಎಳ್ಳು-ಬೆಲ್ಲ ಬೀರುವುದನ್ನು ಮರೆತರೆ ಮಾತ್ರ ಜಗಳಕ್ಕೆ ನಿಂತಾನು.