ನಿನ್ನೆ ತನಕ ಚಲೋ ಇದ್ದವನು ಇವತ್ತು ಬಡಬಡಿಸಿದ್ರೆ ಮೊದಲು ಬೆರಳು ಚುಚ್ಚಿ

"ನಿನ್ನಿ ರಾತ್ರಿ ತನಕ ಚಲೋ ಇದ್ದ ರೀ, ಮುಂಜಾನೆ ಎದ್ದಾಗಿಂದ ಏನೇನೋ ಮಾತಾಡಾಕತ್ತಾನ." ವಾಸ್ಕೋ, ಮಡಗಾಂವ್, ಮಾಪುಸಾ ಕಡೆ ಎಮರ್ಜೆನ್ಸಿಯಲ್ಲಿ ಕೆಲಸ ಮಾಡೋರಿಗೆ ಈ ಮಾತು ಕನ್ನಡದಲ್ಲೇ ಕೇಳಿ ಗೊತ್ತು, ಗಾರೆ ಕೆಲಸ ಹೋಟೆಲ್ ಕೆಲಸ ಅಂತ ಬಾಗಲಕೋಟೆ, ಗದಗ, ವಿಜಯಪುರ, ಹಾವೇರಿಯಿಂದ ಗೋವಾಕ್ಕೆ ಬಂದು ನೆಲೆಸಿರೋ ನಮ್ಮ ಜನ ಅಷ್ಟಿದಾರೆ. ಮನೆಯವರು ಇದನ್ನ ಹೇಳೋದು ಒಂದು ಲೆಕ್ಕದಲ್ಲಿ: ಇಷ್ಟು ಗಟ್ಟಿಮುಟ್ಟಾಗಿದ್ದವ್ನಿಗೆ ಒಂದೇ ರಾತ್ರೀಲಿ ಹಿಂಗಾಗ್ಬೇಕು ಅಂದ್ರೆ ಯಾರೋ ಏನೋ ಮಾಡ್ಸಿರ್ಬೇಕು, ಇಲ್ಲಾ ಗಾಳಿ ಸೋಕಿರ್ಬೇಕು. ಎಮರ್ಜೆನ್ಸಿಯಲ್ಲಿ ಕೆಲಸ ಮಾಡೋ ನಮ್ಮ ಕಿವಿಗೆ ಅದೇ ಮಾತು ಉಲ್ಟಾ ಕೇಳ್ಸುತ್ತೆ. ಒಂದೇ ರಾತ್ರೀಲಿ ಆಯ್ತಾ? ಹಾಗಾದ್ರೆ ಮೈಯೊಳಗೇ ಏನೋ ಕೆಟ್ಟಿದೆ, ಸಕ್ಕರೆನೋ ಸೋಡಿಯಮ್ಮೋ ಆಕ್ಸಿಜನ್ನೋ, ಸೋಂಕೋ, ಲಿವರ್ರೋ ಕಿಡ್ನಿನೋ, ತಲೆಯೊಳಗೆ ರಕ್ತಸ್ರಾವವೋ, ಯಾವ್ದೋ ಮಾತ್ರೆನೋ. ಬರೀ ಮನಸ್ಸಿನ ಕಾಯಿಲೆ ಇಷ್ಟು ಅವಸರದಲ್ಲಿ ಬರೋದು ಕಮ್ಮಿ, ಅದೂ ನಲವತ್ತು ದಾಟಿದವರಲ್ಲಿ, ಮುಂಚೆ ಯಾವತ್ತೂ ಇಲ್ಲದೇ ಇದ್ದವರಲ್ಲಿ.

ಉಸಿರು, ನಾಡಿ, ಬಿಪಿ ನೋಡೋ ಹೊತ್ತಲ್ಲೇ ಒಂದು ಕೈ ಬೆರಳಿನ ರಕ್ತದಲ್ಲಿ ಸಕ್ಕರೆ ಅಳೆಯೋ ಗ್ಲುಕೋಮೀಟರ್ ಕಡೆ ಹೋಗಿರುತ್ತೆ. ಸಿಟಿ ಸ್ಕ್ಯಾನ್ ಆಮೇಲೆ. ಯಾಕೆ ಸಕ್ಕರೆಗೆ ಇಷ್ಟು ಮರ್ಯಾದೆ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ, ನನಗೆ ಇದು ಎಷ್ಟು ಸಲ ಹೇಳಿದ್ರೂ ಬೇಜಾರಾಗದ ವಿಷಯ.

ಮೆದುಳು ದೇಹದ ತೂಕದಲ್ಲಿ ಶೇ. 2 ಇರ್ಬಹುದು, ಆದ್ರೆ ಸುಮ್ನೆ ಕೂತಾಗ ಖರ್ಚಾಗೋ ಶಕ್ತಿಯಲ್ಲಿ ಶೇ. 20 ಅದರ ಪಾಲು. ದಿನಕ್ಕೆ ಹತ್ತಿರ ಹತ್ತಿರ 120 ಗ್ರಾಂ ಗ್ಲುಕೋಸ್ ಬೇಕು. ನಮ್ಮ ಇಡೀ ರಕ್ತದಲ್ಲಿ ಯಾವ ಹೊತ್ತಲ್ಲೂ ಓಡಾಡ್ತಾ ಇರೋದು ನಾಲ್ಕೈದು ಗ್ರಾಂ ಮಾತ್ರ, ಅಂದ್ರೆ ಒಂದು ಟೀ ಚಮಚ! ಇಷ್ಟು ತಿನ್ನೋ ಅಂಗಕ್ಕೆ ಸ್ವಂತ ಕಣಜ ಅಂತ ಹೇಳ್ಕೊಳೋ ಹಂಗೆ ಏನೂ ಇಲ್ಲ. ಕಣಜ ಇರೋದು ಲಿವರ್‌ನಲ್ಲಿ, ಸುಮಾರು 100 ಗ್ರಾಂ ಗ್ಲೈಕೋಜನ್ (ಕೂಡಿಟ್ಟ ಸಕ್ಕರೆ), ಊಟ ಬಿಟ್ರೆ ಒಂದು ದಿನದೊಳಗೆ ಬಹುಪಾಲು ಖಾಲಿ. ಮಾಂಸಖಂಡದಲ್ಲಿ ಇದಕ್ಕಿಂತ ದೊಡ್ಡ ಕಣಜ ಇದೆ, ಆದ್ರೆ ಅದು ಬಾಗಿಲಿಲ್ಲದ ಕಣಜ, ಯಾಕಂದ್ರೆ ಗ್ಲುಕೋಸ್-6-ಫಾಸ್ಫಟೇಸ್ ಅನ್ನೋ ಕಿಣ್ವ ಸ್ನಾಯುಗಳಲ್ಲಿ ಇಲ್ಲ, ಅದಿಲ್ಲದೆ ಅಲ್ಲಿರೋ ಸಕ್ಕರೆ ರಕ್ತಕ್ಕೆ ಇಳಿಯೋ ಹಾಗಿಲ್ಲ. ತೊಡೆ ತುಂಬಾ ಗ್ಲೈಕೋಜನ್ ಇಟ್ಕೊಂಡೇ ಮನುಷ್ಯ ಸಕ್ಕರೆ ಇಲ್ಲದೆ ಪ್ರಜ್ಞೆ ತಪ್ಪಬಹುದು.

ಸಕ್ಕರೆ 70ಕ್ಕಿಂತ ಕೆಳಗೆ ಇಳೀತಿದ್ದ ಹಾಗೆ ಅಡ್ರಿನಲಿನ್ ಏಳುತ್ತೆ: ಬೆವರು, ನಡುಕ, ಎದೆ ಡವಡವ, ಹಸಿವು. ಇದು ಎಚ್ಚರಿಕೆ. 50ರ ಆಸುಪಾಸಿಗೆ ಬಂದ್ರೆ ಮೆದುಳೇ ತಡವರಿಸೋಕೆ ಶುರು ಮಾಡುತ್ತೆ, ಸಿಟ್ಟು, ತೊದಲು, ಸುಮ್ ಸುಮ್ನೆ ನಗು, ಮನೆಯವರ ಗುರುತೂ ಸಿಗದೇ ಇರೋದು, ಕೆಲವೊಮ್ಮೆ ಒಂದು ಕೈ ಒಂದು ಕಾಲು ಬಿದ್ದುಹೋಗಿ ಥೇಟ್ ಲಕ್ವಾನೇ. ಇನ್ನೂ ಇಳಿದ್ರೆ ಫಿಟ್ಸು, ಕೋಮಾ. ವರ್ಷಾನುಗಟ್ಲೆ ಡಯಾಬಿಟೀಸ್ ಇದ್ದು ಪದೇ ಪದೇ ಸಕ್ಕರೆ ಇಳಿದವರಿಗೆ ಆ ಬೆವರು ನಡುಕದ ಎಚ್ಚರಿಕೆ ಬರೋದೇ ನಿಂತಿರುತ್ತೆ, ಅವರು ನೇರ ಬಡಬಡಿಕೆಗೇ ಬರ್ತಾರೆ, ಅವರನ್ನೇ ನೋಡಿ "ದೆವ್ವ ಬಡದೈತಿ" ಅನ್ನೋದು.

ಗಾರೆ ಕೆಲಸದವರೊಬ್ಬರನ್ನ ಹಿಂಗೇ ಕರ್ಕೊಂಡು ಬಂದಿದ್ರು, ಕೊರಳಲ್ಲಿ ಅವತ್ತೇ ಕಟ್ಟಿದ ತಾಯಿತ, ಹಣೆ ತುಂಬಾ ಭಂಡಾರ, ಅಂಗಿ ಬೆವರಲ್ಲಿ ತೊಪ್ಪೆ. ಬೆರಳು ಚುಚ್ಚಿದ್ರೆ ಮೀಟರ್ 212 ತೋರಿಸ್ತು. ಎಲ್ಲಾರೂ ಸಕ್ಕರೆ ಅಲ್ಲ ಹಾಗಾದ್ರೆ ಅಂತ ಸ್ಟ್ರೆಚರ್ ಸ್ಕ್ಯಾನ್ ಕಡೆ ತಿರುಗಿಸೋ ಹೊತ್ತಿಗೆ ಸಿಸ್ಟರ್ ತನ್ನ ಗ್ಲೌಸ್ ನೋಡ್ಕೊಂಡ್ರು, ಬೆರಳು ಬೆರಳಿಗೆ ಅಂಟ್ತಾ ಇತ್ತು. ದಾರೀಲಿ ರಿಕ್ಷಾದಲ್ಲಿ ಗ್ಲುಕೋಸ್ ಪುಡಿ ಕಲಸಿ ಕುಡ್ಸೋಕೆ ಹೋಗಿ ಅರ್ಧ ಅವನ ಕೈಮೇಲೇ ಚೆಲ್ಲಿದ್ರಂತೆ. ತೊಳೆದು ಒರೆಸಿ ಇನ್ನೊಂದು ಬೆರಳು ಚುಚ್ಚಿದ್ರು, 31. ಶೇ. 25ರ ಡೆಕ್ಸ್‌ಟ್ರೋಸ್ 100 ಎಂಎಲ್ ನರಕ್ಕೆ ಹೋದ ಸ್ವಲ್ಪ ಹೊತ್ತಿಗೆ ಎದ್ದು ಕೂತು "ನನ್ನ ಚಪ್ಪಲಿ ಎಲ್ಲೈತಿ" ಅಂದ. ಕ್ರೆಡಿಟ್ ತಾಯಿತಕ್ಕೇ ಹೋಯ್ತು ಬಿಡಿ.

ಎದ್ದು ಕೂತ ಅಂತ ಮನೆಗೆ ಕಳಿಸೋ ಹಾಗಿಲ್ಲ. ಗ್ಲಿಮೆಪಿರೈಡ್, ಗ್ಲೈಬೆನ್‌ಕ್ಲಮೈಡ್ ಜಾತಿಯ ಡಯಾಬಿಟೀಸ್ ಮಾತ್ರೆಗಳು ಮೇದೋಜೀರಕದ ಬೀಟಾ ಕೋಶದಲ್ಲಿರೋ ಪೊಟ್ಯಾಸಿಯಂ ದಾರಿ ಮುಚ್ಚಿಬಿಡ್ತವೆ, ಆಮೇಲೆ ಆ ಕೋಶ ರಕ್ತದಲ್ಲಿ ಸಕ್ಕರೆ ಇದೆಯೋ ಇಲ್ವೋ ನೋಡದೇ ಇನ್ಸುಲಿನ್ ಸುರೀತಾನೇ ಇರುತ್ತೆ, ಕಿಡ್ನಿ ಸೋತಿದ್ರೆ ಮಾತ್ರೆ ಮೈಯಿಂದ ಹೊರಗೂ ಹೋಗಲ್ಲ. ನಾವು ಕೊಟ್ಟ ಡೆಕ್ಸ್‌ಟ್ರೋಸೇ ಇನ್ನಷ್ಟು ಇನ್ಸುಲಿನ್ ಹೊರಡಿಸುತ್ತೆ, ಎರಡು ಗಂಟೆಗೆ ಮತ್ತೆ ಮೊದಲಿನ ಗತಿ. ಅದಕ್ಕೇ ಒಂದು ದಿನ ಇಟ್ಕೊಂಡು ಗಂಟೆ ಗಂಟೆಗೂ ಬೆರಳು ಚುಚ್ಚೋದು. "ದುಡ್ಡು ಮಾಡೋಕೆ ಇಟ್ಕೊಂಡ್ರು" ಅಂತ ಬೈಯೋರು ಇದನ್ನ ಒಂದ್ಸಲ ಓದ್ಬೇಕು.

ಗೋವಾದಲ್ಲಿ ಇನ್ನೊಂದು ಪೀಡೆ ಇದೆ, "ಕುಡಿದಾನ ಬಿಡ್ರಿ" ಅನ್ನೋ ಡಯಾಗ್ನೋಸಿಸ್. ಬಾಯಲ್ಲಿ ಫೆನಿ ವಾಸನೆ ಬಂತು ಅಂದ್ರೆ ಸಾಕು, ಮೂಲೆಗೆ ಮಲಗಿಸಿ ಇಳೀಲಿ ಅಂತ ಬಿಡೋದು. ಆದ್ರೆ ಹೊಟ್ಟೆಗಿಲ್ಲದೆ ಕುಡಿದವನ ಲಿವರ್ ಕಣಜ ಖಾಲಿ ಇರುತ್ತೆ, ಖಾಲಿ ಆದ್ಮೇಲೆ ಲಿವರ್ ಲ್ಯಾಕ್ಟೇಟ್, ಅಮೈನೋ ಆಮ್ಲದಿಂದ ಹೊಸದಾಗಿ ಸಕ್ಕರೆ ಮಾಡ್ಬೇಕಿತ್ತು, ಆಲ್ಕೋಹಾಲ್ ಅರಗಿಸೋ ಕೆಲಸದಲ್ಲಿ ಎನ್‌ಎಡಿ ಅನ್ನೋ ಅಣು ಎಲ್ಲಾ ಖರ್ಚಾಗಿ ಆ ತಯಾರಿಕೆನೂ ನಿಂತಿರುತ್ತೆ. ಡಯಾಬಿಟೀಸ್ ಇಲ್ಲದವನಿಗೂ ಸಕ್ಕರೆ ಬೀಳೋದು ಹಿಂಗೆ. ಮೇಲಾಗಿ ಕುಡಿದವನು ಬಿದ್ದಿರ್ತಾನೆ, ತಲೆಯೊಳಗೆ ನಿಧಾನಕ್ಕೆ ರಕ್ತ ಕೂಡ್ತಿರಬಹುದು, ದಿನಾ ಕುಡಿಯೋನಿಗೆ ಥಯಾಮಿನ್ (ವಿಟಮಿನ್ ಬಿ1) ಕೊರತೆಯಿಂದ ಮೆದುಳಿಗೆ ಬರೋ ವೆರ್ನಿಕೆ ಕಾಯಿಲೆ ಇರ್ಬಹುದು. ವಾಸನೆ ಬರೋದು ಇದ್ಯಾವುದನ್ನೂ ತಳ್ಳಿಹಾಕಲ್ಲ.

ಇನ್ನು ಎಷ್ಟು ಎಚ್ಚರ ಇದೆ ಅಂತ ಅಳೆಯೋ ಗ್ಲಾಸ್ಗೋ ಸ್ಕೇಲ್. 1974ರಲ್ಲಿ ಗ್ಲಾಸ್ಗೋದ ಟೀಸ್‌ಡೇಲ್ ಮತ್ತು ಜೆನೆಟ್ ಮಾಡಿದ್ದು, ಕಣ್ಣಿಗೆ 4, ಮಾತಿಗೆ 5, ಕೈಕಾಲಿನ ಪ್ರತಿಕ್ರಿಯೆಗೆ 6, ಒಟ್ಟು 15, ತೀರಾ ಕಮ್ಮಿ ಅಂದ್ರೆ 3. ಬಹಳ ಒಳ್ಳೆ ಅಳತೆ, ಆದ್ರೆ ಮಾತಿನ 5 ಅಂಕ ಯಾವ ಭಾಷೆಯ ಮಾತಿಗೆ? ಗೋವಾಕ್ಕೆ ಹೊಸಬರಾದ ಡಾಕ್ಟರ್ ಹಿಂದೀಲಿ ಈಗ ಯಾವ ತಿಂಗಳು ಅಂತ ಕೇಳ್ತಾರೆ, ರೋಣ ಕಡೆಯ ಅಜ್ಜ "ಮೊನ್ನೆ ಮಿರಗ ಕೂಡ್ತಲ್ರೀ" ಅಂತಾನೆ. ಮಿರಗ ಅಂದ್ರೆ ಮೃಗಶಿರಾ ಮಳೆ ಕೂಡೋದು ಜೂನ್ ಮೊದಲ ವಾರ ಕಳೀತಿದ್ದ ಹಾಗೆ, ಅಜ್ಜ ತಿಂಗಳಲ್ಲ ನಕ್ಷತ್ರವನ್ನೇ ಸರಿಯಾಗಿ ಹೇಳಿದ್ದಾನೆ. ಕೇಸ್ ಶೀಟಲ್ಲಿ ಮಾತ್ರ "ಗೊಂದಲದಲ್ಲಿದ್ದಾನೆ", ಒಂದು ಅಂಕ ಕಟ್. ಕಿವಿ ಕೇಳ್ಸದೇ ಇರೋ ಅಜ್ಜಿಗೂ ಇದೇ ಅನ್ಯಾಯ. ವಾರ್ಡ್‌ನಲ್ಲಿ ನೆಲ ಒರೆಸೋ ಅಕ್ಕ ಕನ್ನಡದವಳಾಗಿದ್ರೆ ಅವಳನ್ನ ಕರೆಸಿ ಕೇಳ್ಸೋದು ನಾಚಿಕೆ ವಿಷಯ ಅಲ್ಲ, ಸರಿಯಾದ ಪರೀಕ್ಷೆ.

ಹಾಗಾದ್ರೆ ದೇವ್ರು ಮೈಮೇಲೆ ಬರೋದು ಪೂರಾ ನಾಟಕನಾ ಅಂತ ಕೇಳ್ತಾರೆ. ಪಣಜಿಯಲ್ಲಿ ಮಾಂಡವಿ ದಂಡೆ ಹತ್ರ ಹಳೇ ಸೆಕ್ರೆಟೇರಿಯೆಟ್ ಪಕ್ಕ ಒಂದು ವಿಗ್ರಹ ಇದೆ, ನಿಲುವಂಗಿ ಹಾಕಿರೋ ಪಾದ್ರಿ ಕೆಳಗೆ ಬೀಳ್ತಿರೋ ಹೆಂಗಸಿನ ಮೇಲೆ ಕೈ ಚಾಚಿ ನಿಂತಿದಾರೆ. ಮಾಟ ಮಾಡ್ತಿರೋ ಹಾಗೇ ಕಾಣುತ್ತೆ, ಆದ್ರೆ ಆ ಪಾದ್ರಿ, ಆಬೆ ಫರಿಯಾ, ಮಾಟದ ವಿರುದ್ಧವೇ ಮಾತಾಡಿದ ಮನುಷ್ಯ. 1756ರಲ್ಲಿ ಇಲ್ಲೇ ಕಾಂದೋಳಿಯಲ್ಲಿ ಹುಟ್ಟಿದವರು, 1813ರಿಂದ ಪ್ಯಾರಿಸ್‌ನಲ್ಲಿ ಜನರ ಮುಂದೆ ಸಮ್ಮೋಹನ ಮಾಡಿ ತೋರಿಸ್ತಿದ್ರು. ಮೆಸ್ಮರ್ ಅನ್ನೋ ವೈದ್ಯನ ಕಡೆಯವರು ಮೈಯಿಂದ ಮೈಗೆ ಯಾವ್ದೋ ಅಯಸ್ಕಾಂತ ದ್ರವ ಹರಿಯುತ್ತೆ ಅಂತಿದ್ದ ಕಾಲದಲ್ಲಿ ಇವರು ದ್ರವಾನೂ ಇಲ್ಲ ಮಣ್ಣೂ ಇಲ್ಲ, ನನ್ನ ಕೈಲಿ ಯಾವ ಶಕ್ತಿನೂ ಇಲ್ಲ, ಆಗೋದೆಲ್ಲಾ ಮಲಗೋರ ಮನಸ್ಸಿಂದಲೇ ಅಂದ್ರು. ಜಾತ್ರೇಲಿ ಡೊಳ್ಳಿನ ಸದ್ದಿಗೆ ಮೈಮೇಲೆ ಬರೋದು ಆ ಕಡೆಯದು, ಅದು ನಾಟಕ ಅಲ್ಲ, ಕಾಯಿಲೆನೂ ಅಲ್ಲ, ಡೊಳ್ಳು ನಿಂತ ಮೇಲೆ ಇಳಿಯುತ್ತೆ. ಡೊಳ್ಳೇ ಇಲ್ಲದ ಮಂಗಳವಾರ ಮುಂಜಾನೆ ಬಂದು ಇಳಿಯದೇ ಇದ್ರೆ ಗ್ಲುಕೋಮೀಟರ್.

ವಯಸ್ಸಾದವರಲ್ಲಿ ಈ ದಿಢೀರ್ ಗೊಂದಲ ಗಲಾಟೆ ಇಲ್ಲದೇನೂ ಬರುತ್ತೆ. ದಿನವಿಡೀ ಮಂಪರು, ಮಧ್ಯಾಹ್ನ ಸರಿ ಇದ್ದೋರು ಸಂಜೆಗೆ ತಪ್ಪು, ಇಲ್ಲದ ಇರುವೆ ಕಾಣೋದು. ವಯಸ್ಸಾಯ್ತು ಮರೆವು ಅಂತ ಬಿಡ್ತಾರೆ, ಆದ್ರೆ ಮರೆವಿನ ಕಾಯಿಲೆ ತಿಂಗಳು ವರ್ಷಗಳಲ್ಲಿ ಬರುತ್ತೆ, ಎರಡು ದಿನದಲ್ಲಿ ಅಲ್ಲ. ಭಾನುವಾರದಿಂದ ವಾರಗಳನ್ನ ಹಿಂದಕ್ಕೆ ಹೇಳ್ಸಿ ನೋಡಿ, ಓದು ಬರದವರಿಗೂ ಬರುತ್ತೆ, ಗಮನ ಹರಿದುಹೋಗಿದ್ರೆ ಶುಕ್ರವಾರಕ್ಕೇ ನಿಲ್ತಾರೆ. ನ್ಯುಮೋನಿಯಾ, ಉಚ್ಚೆ ಕಟ್ಟಿರೋದು, ನಿದ್ದೆ ಮಾತ್ರೆ ಎಲ್ಲಾ ಹುಡುಕ್ಬೇಕು. ಬಿಪಿಗೆ ಅಂತ ಕೊಟ್ಟ, ಉಚ್ಚೆ ಜಾಸ್ತಿ ಮಾಡೋ ನೀರಿನ ಮಾತ್ರೆಯಿಂದ 135 ಇರ್ಬೇಕಾದ ಸೋಡಿಯಂ 115ಕ್ಕೆ ಇಳಿದಿರಬಹುದು, ಅದನ್ನ ಅವಸರದಲ್ಲಿ ಏರಿಸಿದ್ರೂ ಮೆದುಳಿನ ಕಾಂಡಕ್ಕೆ ಪೆಟ್ಟು, ದಿನಕ್ಕೆ 8ರಿಂದ 10ರ ಮೇಲೆ ಏರಿಸಲ್ಲ.

ಮನೇಲಿ ಹಿಂಗಾದ್ರೆ ಕಬ್ಬಿಣದ ಕೀ, ಈರುಳ್ಳಿ, ಚಪ್ಪಲಿ ಮೂಸಿಸೋದು ಏನೂ ಬೇಡ. ನುಂಗೋವಷ್ಟು ಎಚ್ಚರ ಇದ್ರೆ ಮಾತ್ರ ಸಕ್ಕರೆ ನೀರು, ಇಲ್ದೇ ಇದ್ರೆ ಅದು ಶ್ವಾಸಕೋಶಕ್ಕೆ ಹೋಗುತ್ತೆ, ಪಕ್ಕಕ್ಕೆ ಮಗ್ಗುಲಾಗಿ ಮಲಗಿಸಿ 108ಕ್ಕೆ ಫೋನ್ ಮಾಡಿ. ಬರುವಾಗ ಮನೇಲಿರೋ ಎಲ್ಲಾ ಮಾತ್ರೆ ಸ್ಟ್ರಿಪ್ ಚೀಲಕ್ಕೆ ಹಾಕಿ ತನ್ನಿ, ಖಾಲಿ ಸ್ಟ್ರಿಪ್ಪೂ, ಹೊಲಕ್ಕೆ ಹೊಡೆಯೋ ಔಷಧಿ ಡಬ್ಬಿ ಇದ್ರೆ ಅದನ್ನೂ. ಮತ್ತೆ ಟೈಮು: ನೀವು ಯಾವಾಗ ನೋಡಿದ್ರಿ ಅಂತಲ್ಲ, ಅವರು ಸರಿಯಾಗಿದ್ದದ್ದನ್ನ ಕಡೇದಾಗಿ ಯಾರು ಎಷ್ಟೊತ್ತಿಗೆ ನೋಡಿದ್ರು ಅಂತ. ಲಕ್ವಾ ಆಗಿದ್ರೆ ರಕ್ತದ ಗಡ್ಡೆ ಕರಗಿಸೋ ಇಂಜೆಕ್ಷನ್ನಿನ ನಾಲ್ಕೂವರೆ ಗಂಟೆ ಲೆಕ್ಕ ಶುರುವಾಗೋದು ಆ ಟೈಮಿಂದ.